ಜನರಲ್ ಸಾಹೇಬರ ರಸ್ತೆಯಲ್ಲಿ ಅಕ್ಕ ಹೇಳಿದ ಒಡಪು

ನಾನು ಓದಿದ ವಸತಿಶಾಲೆಯಲ್ಲಿ ಹುಡುಗರನ್ನು ನಾಲ್ಕು ಹೌಸ್‌ಗಳಾಗಿ ಹಂಚುತ್ತಿದ್ದರು. ನನ್ನದು ದೇಶದ ಸೈನ್ಯವನ್ನು ನಡೆಸಿದ ಜನರಲ್ ಸಾಹೇಬರೊಬ್ಬರ ಹೆಸರಿನದು. ನಸುಕಿನಲ್ಲಿ ಸೀಟಿ ಊದುತ್ತಿದ್ದರು. ಹಾಸಿಗೆಯ ಮಡಿಕೆ ಸೊಟ್ಟಗಿದ್ದರೆ ಮೈದಾನ ಸುತ್ತಬೇಕು. ಊಟಕ್ಕೆ ಸಾಲು, ಸ್ನಾನಕ್ಕೆ ಸಾಲು. ಇದಕ್ಕೆಲ್ಲ ಆ ಹೆಸರೇ ಕಾರಣವೇನೋ ಎಂಬಂತೆ ನಮ್ಮ ಡ್ರಿಲ್ ಮಾಸ್ತರರು ಮಾತಾಡುತ್ತಿದ್ದರು. "ಅವರ ಹೆಸರಿನ ಹೌಸಿನ್ಯಾಗ ಇದ್ದು ಗುಂಡಿ ಬಿಚ್ಚಿ ಅಡ್ಡಾಡ್ತೀಯೇನಲೇ?" ಎಂದರೆ ಮುಗಿಯಿತು, ಕೈ ತಾನಾಗಿ ಕೊರಳಿಗೆ ಹೋಗುತ್ತಿತ್ತು.

ಮುಂದೆ ಧಾರವಾಡದ ಹೈಸ್ಕೂಲೊಂದರಲ್ಲಿ ನಾನೇ ಪಿ.ಟಿ. ಮಾಸ್ತರನಾದೆ. ಅಲ್ಲಿಯೂ ಕಬಡ್ಡಿಯಲ್ಲಿ ಗೆದ್ದವರಿಗೆ ಕೊಡುವ ಢಾಲು ಅವರ ಹೆಸರಿನದೇ. ಹುಡುಗರು ಅದನ್ನು ಮೊಟಕು ಮಾಡಿ ಕೂಗಿದರೆ ನಾನು ಆಟ ನಿಲ್ಲಿಸಿ, ಹುದ್ದೆ ಸಮೇತ ಪೂರ್ತಿ ಹೆಸರು ಹೇಳಿಸುತ್ತಿದ್ದೆ. ದೊಡ್ಡವರ ಹೆಸರನ್ನು ಗಟ್ಟಿಯಾಗಿ, ಸ್ಪಷ್ಟವಾಗಿ, ಎದೆ ಸೆಟೆಸಿ ಹೇಳುವುದೇ ಮರ್ಯಾದೆ. ನನಗೆ ಕಲಿಸಿದ್ದು ಇದು, ನಾನು ಕಲಿಸಿದ್ದೂ ಇದನ್ನೇ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಅಕ್ಕನಿಗೆ ಇಷ್ಟವಾಗುವುದಿಲ್ಲ.

ಅಕ್ಕನ ಗಂಡನಿಗೂ ಅದೇ ಹೆಸರು. ನಾನು ಅವರನ್ನು ಮಾಮಾ ಎನ್ನುತ್ತೇನೆ. ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ, ಕಡಲೆಯ ದಲಾಲಿ ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ ವಹಿಸಿ ಧಾರವಾಡದಲ್ಲೇ ಸಪ್ತಾಪುರದ ಮನೆಯಲ್ಲಿದ್ದಾರೆ. ಅವರ ತಂದೆ ಹರೆಯದಲ್ಲಿ ಸೈನ್ಯದ ಉಗ್ರಾಣದಲ್ಲಿ ಕೆಲಸಕ್ಕಿದ್ದವರು. ಒಮ್ಮೆ ಜನರಲ್ ಸಾಹೇಬರು ತಪಾಸಣೆಗೆ ಬಂದಾಗ ಕಾಳಿನ ಚೀಲಗಳ ನಡುವೆ ನಿಂತು ದೂರದಿಂದ ನೋಡಿದ್ದರಂತೆ. ಸಾಹೇಬರು ಇವರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಆದರೂ ಊರಿಗೆ ಬಂದ ಮೇಲೆ ಹುಟ್ಟಿದ ಮಗನಿಗೆ ಆ ಹೆಸರನ್ನೇ ಇಡಿಸಿದರು. ನಮ್ಮ ಸೀಮೆಗೂ ಒಪ್ಪುವ ಹೆಸರಾದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ತಕರಾರು ಶುರುವಾದದ್ದು ಅಕ್ಕ ಆ ಮನೆಗೆ ಸೊಸೆಯಾಗಿ ಹೋದ ಮೇಲೆ. ಗಂಡನ ಹೆಸರನ್ನು ಹೆಂಡತಿ ಬಾಯಿಂದ ಆಡಬಾರದು, ಆಡಿದರೆ ಅವನ ಆಯುಷ್ಯ ತಗ್ಗುತ್ತದೆ ಎಂದು ನಮ್ಮ ಅವ್ವ ಆಕೆಯ ತಲೆಗೆ ಎಣ್ಣೆ ಹಚ್ಚುವಾಗಲೆಲ್ಲ ಹೇಳಿದ್ದಳು. ಇದಕ್ಕೆ ಒಂದೇ ಒಂದು ರಿಯಾಯಿತಿ ಇದೆ. ಒಡಪು ಕಟ್ಟಿ, ಅಂದರೆ ಪ್ರಾಸವಿರುವ ಎರಡು ಸಾಲಿನೊಳಗೆ ಹೆಸರನ್ನು ಕೂಡಿಸಿ ಹೇಳಿದರೆ ದೋಷವಿಲ್ಲ. ಹೊಸ ಸೊಸೆ ಹೊಸ್ತಿಲು ದಾಟುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಒಡಪು ಹೇಳಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು. ಅಂದು ಅಕ್ಕ ಹೇಳಿದ ಸಾಲು ಗುಬ್ಬಿಯದೋ ಜೋಳದ್ದೋ ಇತ್ತು, ನೆನಪಿಲ್ಲ. ಆಮೇಲೆ ಆ ಹೆಸರು ಆಕೆಯ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. "ಇವ್ರು", "ನಮ್ಮ ಮನಿಯವ್ರು", ಎದುರಿಗೆ "ಏನ್ರಿ". ಇಷ್ಟರಲ್ಲೇ ಸಂಸಾರ ಸಾಗಿತು.

ನಾನು ಕಾಡುತ್ತಿದ್ದೆ. "ಅಕ್ಕಾ, ನಮ್ಮ ಸಾಲಿ ಢಾಲಿನ ಮ್ಯಾಲ ಏನಂತ ಬರದಾರ, ಒಮ್ಮೆ ಓದು ನೋಡೋಣು."

"ನಿನ್ನ ಢಾಲು ನೀನ ಓದ್ಕೊ. ನನಗ ಕಣ್ಣ ಕಾಣಂಗಿಲ್ಲ," ಎನ್ನುತ್ತಿದ್ದಳು. ಆಗ ಆಕೆಗೆ ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿ ಇತ್ತು.

ಕೆಲವು ವರ್ಷಗಳ ಹಿಂದೆ ಅಕ್ಕನ ಮನೆಯ ರಸ್ತೆಗೆ ಜನರಲ್ ಸಾಹೇಬರ ಹೆಸರಿಟ್ಟರು. ಅದುವರೆಗೆ ಅದು ಬರೀ ಗಿರಣಿ ಓಣಿ. ಹಿಟ್ಟಿನ ಗಿರಣಿ ಎಂದೋ ಮುಚ್ಚಿತ್ತು, ಹೆಸರು ಉಳಿದಿತ್ತು. ಬಡಾವಣೆಯ ಹಿರಿಯರೆಲ್ಲ ಸೇರಿ ಅರ್ಜಿ ಕೊಟ್ಟರು, ನಾನೂ ಹುರುಪಿನಿಂದ ಓಡಾಡಿದೆ. ಫಲಕದ ಪರದೆ ಸರಿಸಿದ ದಿನ ನನ್ನ ಹಳೆಯ ವಿದ್ಯಾರ್ಥಿಗಳಿಂದ ಸೆಲ್ಯೂಟ್ ಹೊಡೆಸಿದೆ. ಮಾಮಾ ಹೊಸ ಟೊಪಿಗೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಯಾರೋ ಹಿಂದಿನಿಂದ, "ಏನ್ರಿ ಸಾವಕಾರ್ರ, ಜೀವಂತ ಇದ್ದಾಗನ ನಿಮ್ಮ ಹೆಸರಿನ ರಸ್ತಾ ಮಾಡ್ಸಿಕೊಂಡ್ರಿ!" ಎಂದಾಗ ಗುಂಪೆಲ್ಲ ನಕ್ಕಿತು, ಮಾಮಾ ಎಲ್ಲರಿಗಿಂತ ಜೋರಾಗಿ ನಕ್ಕರು.

ಅಕ್ಕ ನಗಲಿಲ್ಲ. ಮನೆಗೆ ಬಂದ ಮೇಲೆ ಚಹಾದ ಕಪ್ಪನ್ನು ನನ್ನ ಮುಂದೆ ಕುಕ್ಕಿ, "ಇನ್ನ ನನ್ನ ಮನಿ ಎಲ್ಲೈತಿ ಅಂತ ನಾ ಹ್ಯಾಂಗ ಹೇಳ್ಲೋ, ಶಾಣ್ಯಾ?" ಎಂದಳು.

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಹೆಸರು ಒಂದು ಕಡೆ ಬೇರು ಬಿಟ್ಟರೆ ಸುತ್ತಲೂ ಚಿಗುರುತ್ತದೆ. ರಸ್ತೆಯ ತುದಿಯ ಉದ್ಯಾನಕ್ಕೆ ಅದೇ ಹೆಸರು ಬಂತು. ಬಸ್ ನಿಲ್ದಾಣಕ್ಕೆ ಬಂತು. ಹೊಸದಾಗಿ ತೆರೆದ ದವಾಖಾನೆಗೆ, ಔಷಧಿ ಅಂಗಡಿಗೆ, ಕೊನೆಗೆ ಕಬ್ಬಿನ ಹಾಲಿನ ಗಾಡಿಗೂ ಬಂತು. ಗಾಡಿಯವನನ್ನು ನಾನು ಒಮ್ಮೆ, ಈ ಜನರಲ್ ಸಾಹೇಬರು ಯಾರು ಗೊತ್ತೇನಪ್ಪ ಎಂದು ಕೇಳಿದೆ. "ಇಲ್ಲೇ ಹತ್ತಿ ಯಾಪಾರಾ ಮಾಡ್ತಿದ್ರಂತಲ್ಲರಿ, ಆ ಮೂಲಿ ಮನಿಯವ್ರು," ಎಂದ. ನಾನು ಅಲ್ಲಿಯೇ ನಿಂತು ಅವನಿಗೆ ಸಣ್ಣ ಪಾಠ ಮಾಡಿದೆ. ಅವನು ಲಿಂಬೆಹಣ್ಣು ಹಿಂಡುತ್ತ ತಲೆಯಾಡಿಸಿದ.

ಅಕ್ಕ ತನ್ನ ದಾರಿ ತಾನು ಕಂಡುಕೊಂಡಳು. ಆಟೋದವರಿಗೆ, "ಸೀದಾ ನಡಿಯಪಾ, ಎಡಕ್ಕ, ಬಲಕ್ಕ, ಹಾಂ ಇಲ್ಲೆ" ಎಂದು ಕೈ ಸನ್ನೆಯಲ್ಲೇ ಮನೆ ಮುಟ್ಟಿಸುತ್ತಿದ್ದಳು. ಗ್ಯಾಸಿನವರು ಫೋನಿನಲ್ಲಿ ವಿಳಾಸ ಕೇಳಿದರೆ ಸೊಸೆಯ ಕೈಗೆ ಕೊಡುತ್ತಿದ್ದಳು. ಮಹಡಿಯ ಮೇಲಿನ ಬಾಡಿಗೆ ಕೋಣೆಗಳ ವಿದ್ಯಾರ್ಥಿನಿಯರು ಇದನ್ನೊಂದು ಆಟ ಮಾಡಿಕೊಂಡಿದ್ದರು. "ಅಜ್ಜಿ, ಬಸ್ ಸ್ಟಾಪಿನ ಹೆಸರ ಹೇಳ್ರಿ, ನಿಮ್ಗ ಐಸ್ಕ್ರೀಮ್ ಕೊಡಸ್ತೇವಿ." ಅಕ್ಕ ಹೇಳುತ್ತಿದ್ದಳು: "ನಿಮ್ಮ ಗಂಡಂದಿರು ಬರ್ಲಿ, ಅವರ ಹೆಸರ ನಾ ಹೇಳ್ತೀನಿ. ಸಾಕಲ್ಲ?"

ಇನ್ನು ಹೇಳುವುದು ಈ ಚಳಿಗಾಲದ ಮಾತು. ಮಗ, ಸೊಸೆ ಮುಗದ ಹಳ್ಳಿಯ ಹೊಲದಲ್ಲಿ ಕಡಲೆ ಕೀಳಿಸಲು ಬೆಳಿಗ್ಗೆಯೇ ಹೋಗಿದ್ದರು. ವಿದ್ಯಾರ್ಥಿನಿಯರು ಕಾಲೇಜಿಗೆ ಹೋಗಿದ್ದರು. ಮಾಮಾ ಸ್ನಾನ, ಲಿಂಗಪೂಜೆ ಮುಗಿಸಿ ರೊಟ್ಟಿಗೆ ಕೂತವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಮೈ ಬೆವರಿ ನೀರಾಯಿತು, ಮಾತು ಹೊರಡಲಿಲ್ಲ. ಅಕ್ಕ ಮಗನಿಗೆ ಫೋನ್ ಹಚ್ಚಿದಳು. ಹೊಲದಲ್ಲಿ ಅದು ಹತ್ತಲಿಲ್ಲ. ನನಗೆ ಹಚ್ಚಿದಳು. ನಾನು ಮೈದಾನದಲ್ಲಿದ್ದೆ, ಅಲ್ಲಿಗೆ ಫೋನ್ ಒಯ್ಯುವ ರೂಢಿ ನನಗಿಲ್ಲ. ಅಕ್ಕಪಕ್ಕದ ಮನೆಗಳಿಗೆ ಬೀಗ. ಆಮೇಲೆ ಸೊಸೆ ಕಲಿಸಿಕೊಟ್ಟಿದ್ದ ಆಂಬ್ಯುಲೆನ್ಸಿನ ಅಂಕಿಗಳನ್ನು ಒತ್ತಿದಳು. ಆ ಕಡೆಯಿಂದ ಒಬ್ಬ ತರುಣ, ಬೆಂಗಳೂರಿನ ಮಾತಿನವನು. ಮುಂದಿನದನ್ನೆಲ್ಲ ಅಕ್ಕನೇ ನನಗೆ ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿದಳು.

"ಎಲ್ಲಿಗೆ ಬರ್ಬೇಕಮ್ಮ? ರಸ್ತೆ ಹೆಸರು ಹೇಳಿ."

"ಧಾರವಾಡ, ಸಪ್ತಾಪುರ. ಗಿರಣಿ ಓಣಿ, ತಮ್ಮಾ. ಲಗೂ ಬರ್ರಿ."

"ಗಿರಣಿ ಓಣಿ ಅಂತ ಇಲ್ಲಿ ತೋರಿಸ್ತಾ ಇಲ್ಲಮ್ಮ. ಹತ್ತಿರ ಬಸ್ ಸ್ಟಾಪ್ ಯಾವುದಿದೆ?"

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಪಾರ್ಕು? ಮೆಡಿಕಲ್ ಶಾಪು? ಕ್ಲಿನಿಕ್ಕು? ಏನಾದ್ರೂ ಒಂದು ಹೇಳಿ ಅಮ್ಮ."

ಆತ ಕೇಳಿದ್ದೆಲ್ಲ ಅದೇ ಹೆಸರಿನದು. ನಾವು ಸೆಲ್ಯೂಟ್ ಹೊಡೆದು ಕಟ್ಟಿದ್ದ ಗೌರವವೆಲ್ಲ ಆ ಹೊತ್ತಿಗೆ ಅಕ್ಕನ ಸುತ್ತ ಕೋಟೆಯ ಗೋಡೆಯಾಗಿ ನಿಂತಿತ್ತು. ಬಾಗಿಲು ಒಂದೇ. ಮಾಮಾ ಕಣ್ಣು ಬಿಟ್ಟು ಆಕೆಯನ್ನೇ ನೋಡುತ್ತಿದ್ದರಂತೆ. ಹೇಳು ಎಂದೋ ಬೇಡ ಎಂದೋ ಆಕೆಗೆ ಗೊತ್ತಾಗಲಿಲ್ಲ. ಹೆಸರು ಆಡದಿದ್ದರೆ ಗಾಡಿ ಬರುವುದಿಲ್ಲ. ಆಡಿದರೆ ಆಯುಷ್ಯ ತಗ್ಗುತ್ತದೆ, ಅದೂ ಇಂಥ ಗಳಿಗೆಯಲ್ಲಿ. ಆಗ ಅಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ನಾದಿನಿಯರ ಮುಂದೆ ನಿಂತ ಸೊಸೆಯ ಹಾಗೆ ಹೇಳಿದಳು:

"ದೇವರ ಮುಂದ ದೀಪಕ್ಕ ಎಣ್ಣಿ ಎರದೀನಿ,"

ಎರಡನೆಯ ಸಾಲಿನಲ್ಲಿ ಹೆಸರು ಬಂತು, ಅದರ ಬೆನ್ನಿಗೆ,

"ಅವರ ರಸ್ತಾದಾಗ ಬಾಗಲಾ ತಗದು ಗಾಡಿ ದಾರಿ ಕಾಯ್ಕೋತ ನಿಂತೀನಿ!"

ಆ ಕಡೆ ಕೀಲಿಮಣೆಯ ಸದ್ದು ಕೇಳಿತು. "ಸಿಕ್ತಮ್ಮ, ಸಿಕ್ತು. ಗಾಡಿ ಹೊರಟಿದೆ. ಪೇಷಂಟ್ ಹೆಸರು?"

"ಅದ ನೋಡಪಾ."

"ಯಾವುದಮ್ಮ?"

"ಈಗ ಹೇಳಿದ್ನಲ್ಲ, ರಸ್ತಾದ್ದು. ಇವ್ರದೂ ಅದ."

"ರಸ್ತೇದಲ್ಲಮ್ಮ, ಪೇಷಂಟ್‌ದು."

"ಎರಡೂ ಒಂದ ಅಂತ ಹೇಳಾಕತ್ತೇನಿ! ಮತ್ತೊಂದು ಒಡಪ ಕಟ್ಟಾಕ ಎಲ್ಲೈತೋ ಹೊತ್ತು?"

ಗಾಡಿ ಬಂತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದರು. ಮೈದಾನದಿಂದ ಮನೆಗೆ ಬಂದು ಫೋನ್ ನೋಡಿಕೊಂಡ ನಾನು ಅಲ್ಲಿಗೆ ತಲುಪಿದಾಗ ಮಾಮಾರನ್ನು ಆಗಲೇ ಒಳಗೆ ಕರೆದೊಯ್ದು ಹೃದಯದ ನಾಳದ ತಡೆ ಬಿಡಿಸುವ ಕೆಲಸಕ್ಕೆ ಹತ್ತಿದ್ದರು. ಅಕ್ಕ ಹೊರಗೆ ಬೆಂಚಿನ ತುದಿಯಲ್ಲಿ, ಸೆರಗನ್ನು ಬಾಯಿಗೆ ಒತ್ತಿ ಕೂತಿದ್ದಳು. ಕಥೆಯನ್ನೆಲ್ಲ ಹೇಳಿದಳು. ಒಡಪು ಕೇಳಿ ನನಗೆ ನಗು ಬಂತು. ಆಕೆಗೆ ಬರಲಿಲ್ಲ.

"ಅದು ಹೋಗ್ಲಿ. ಒಡಪಿನ್ಯಾಗ ಅಂದ್ರ ದೋಷಿಲ್ಲ," ಎಂದಳು. "ಇಲ್ಲಿ ಬಂದ ಕೂಡ್ಲೆ ಆ ನರ್ಸಬಾಯಿ ಮತ್ತ ಕೇಳಿದ್ಲು. ಲಗೂ ಹೇಳ್ರಿ, ಒಳಗ ಒಯ್ಯಬೇಕು ಅಂದ್ಲು. ನಾ ಬರೇ ಹೆಸರ ಹೇಳಿಬಿಟ್ನಿ, ತಮ್ಮಾ. ಹಿಂದಿಲ್ಲ, ಮುಂದಿಲ್ಲ, ಬರೇ ಹೆಸರ."

ಬೇರೆ ದಿನವಾಗಿದ್ದರೆ ನಾನು ಅಕ್ಕನಿಗೆ ಬುದ್ಧಿ ಹೇಳುತ್ತಿದ್ದೆ. ಇದೆಲ್ಲ ಹಳೆಯ ಕಾಲದ ಮಾತು ಎನ್ನುತ್ತಿದ್ದೆ. ಆ ಬೆಂಚಿನ ಮೇಲೆ ಕೂತಾಗ ಅನಿಸಿದ್ದು ಬೇರೆ. ನಾವು ಹೆಸರನ್ನು ಕಲ್ಲಿನ ಮೇಲೆ ಕೆತ್ತಿ ಗೌರವಿಸಿದೆವು. ಕೆತ್ತಿದ ಮೇಲೆ ಅದು ಕಬ್ಬಿನ ಹಾಲಿನ ಗಾಡಿಯವನಿಗೆ ಬರೀ ಗುರುತಾಯಿತು, ಆಟೋದವನಿಗೆ ತಿರುವಾಯಿತು. ನಾನು ಎದೆ ಸೆಟೆಸಿ ಹೇಳಿಸಿದ ನೂರಾರು ಹುಡುಗರಲ್ಲಿ ಆ ಹೆಸರನ್ನು ಹೇಳುವ ಮುಂಚೆ ಒಬ್ಬನೂ ನಡುಗಿದವನಲ್ಲ. ಅಕ್ಕ ನಡುಗಿದ್ದಳು. ಆಡದೆ ಕಾಪಾಡಿಕೊಂಡವಳ ಬಾಯಲ್ಲಿ ಹೆಸರಿಗೆ ಇನ್ನೂ ತೂಕವಿತ್ತು. ಇದನ್ನು ಹೇಗೆ ಹೇಳಬೇಕೋ ತಿಳಿಯದೆ ಆಕೆಯ ಕೈಗೆ ನೀರಿನ ಬಾಟಲಿ ಕೊಟ್ಟೆ. ಆಕೆ ಕುಡಿಯಲಿಲ್ಲ.

"ಅವ್ವ ಇದ್ದಿದ್ರ ಕೇಳತಿದ್ದೆ," ಎಂದಳು, "ಬರೇ ಹೆಸರ ಅಂದ್ರ ಎಷ್ಟ ತಗ್ಗತೈತಿ ಅಂತ."

ಡಾಕ್ಟರರು ಹೊರಗೆ ಬಂದು, ನಾಳ ತೆರೆದಿದೆ, ಇನ್ನು ಎರಡು ದಿನ ಕಾದು ನೋಡೋಣ ಎಂದರು. ನನಗೆ ಅಷ್ಟು ಸಾಕಾಗಿತ್ತು. ಅಕ್ಕನ ಕಿವಿಗೆ ಬಿದ್ದದ್ದು ಕಾದು ನೋಡೋಣ ಎಂಬುದಷ್ಟೇ. ಆ ಎರಡು ದಿನ ಮಗ, ಸೊಸೆ, ನಾನು ಸರದಿಯ ಮೇಲೆ ಕೂತೆವು. ಅಕ್ಕನಿಗೆ ಸರದಿ ಇರಲಿಲ್ಲ, ಆಕೆ ಬೆಂಚು ಬಿಟ್ಟು ಏಳಲೇ ಇಲ್ಲ. ಗಾಜಿನ ಬಾಗಿಲಿನಿಂದ ನೋಡುತ್ತಿದ್ದಳು, ಒಳಗೆ ಹೋಗಲು ಒಲ್ಲೆ ಎನ್ನುತ್ತಿದ್ದಳು.

ಮೂರನೆಯ ದಿನ ಮಾಮಾರನ್ನು ವಾರ್ಡಿಗೆ ತಂದರು. ದಿಂಬಿಗೆ ಒರಗಿ ಕೂಡಿಸಿದ್ದರು. ಅಕ್ಕ ಮಂಚದ ಕಾಲ ಹತ್ತಿರ ನಿಂತಳು.

"ಬಾ ಇತ್ಲಾಗ," ಎಂದರು ಮಾಮಾ. ದನಿ ಕುಗ್ಗಿತ್ತು, ಕಣ್ಣು ಹಳೆಯ ದಲಾಲನದೇ. "ಒಡಪ ಛಲೋ ಕಟ್ಟಿದಿ. ಎರಡನೇ ಸಾಲ ತುಸು ಉದ್ದಾತು."

"ಎದಿ ಹಿಡಕೊಂಡು ಬಿದ್ದಾವ್ರು ಒಡಪಿನ ಸಾಲ ಅಳ್ಯಾಕತ್ತಿದ್ರೇನ್ರಿ?"

"ಇಲ್ಲಿ ಆ ನರ್ಸಬಾಯಿ ಮುಂದ ಬರೇ ಹೆಸರ ಅಂದ್ಯಂತ. ಆಕೀನ ಹೇಳಿದ್ಲು." ಸ್ವಲ್ಪ ಉಸಿರು ತೆಗೆದುಕೊಂಡರು. "ಅಂಜಿದ್ಯೇನ?"

ಅಕ್ಕ ಮಂಚದ ಪಕ್ಕಕ್ಕೆ ಬಂದಳು. ಅವರ ಮುಖ ನೋಡಿದಳು, ಬಣ್ಣ ಬಂದಿತ್ತು. ಗ್ಲಾಸಿನಲ್ಲಿ ಗಂಜಿ ಅರ್ಧ ಖಾಲಿಯಾಗಿತ್ತು. ಆಕೆ ಗ್ಲಾಸನ್ನು ಎತ್ತಿ ಅವರ ಕೈಗೆ ಕೊಟ್ಟು, ಸೆರಗು ಸರಿ ಮಾಡಿಕೊಂಡು, ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು:

"ನಾ ಯಾಕ ಅಂಜ್ಲಿ? ನಾ ಅಂದದ್ದು ಜನರಲ್ ಸಾಹೇಬ್ರ ಹೆಸರ. ನಿಮ್ದು ಯಾರ ಅಂದ್ರು? ಸುಮ್ನ ಗಂಜಿ ಕುಡೀರಿ."