ಟಾಪಿಲ್ಲದ ಗಾಡಿ ಮತ್ತು ನರ್ಮದಕ್ಕನ ಶರತ್ತು

ನಮ್ಮ ಭಾವ ರಾಮಚಂದ್ರರ ಕಾರನ್ನು ನಾನು ಓಡಿಸಿದ್ದು ಎರಡೇ ಸಲ. ದಬ್ಬಿದ್ದಕ್ಕೆ ಲೆಕ್ಕವಿಲ್ಲ. ಜಹೀರಾಬಾದಿನಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ನಾನು ಮಂಡಲ ಕಚೇರಿಗೆ ಹೊರಡಲು ಇಸ್ತ್ರಿ ಅಂಗಿ ತೊಟ್ಟ ಗಳಿಗೆಗೆ ಸರಿಯಾಗಿ ಆ ಕಡೆಯಿಂದ “ಮಿಲಿಂದಾ, ಸ್ವಲ್ಪ ಕೈ ಹಚ್ಚು ಬಾರಪ್ಪಾ” ಎಂಬ ಕೂಗು ಬರುತ್ತಿತ್ತು. ಆ ಸ್ವಲ್ಪ ಎನ್ನುವುದು ಹನ್ನೊಂದು ವರ್ಷ ನಡೆಯಿತು.

ಭಾವ ಬಸ್ ಡಿಪೋದಲ್ಲಿ ಫಿಟ್ಟರ್. ದಿನವಿಡೀ ಬಸ್ಸಿನ ಹೊಟ್ಟೆಯ ಕೆಳಗೆ ಮಲಗುವ ಮನುಷ್ಯ ಮನೆಗೆ ಬಂದರೆ ಕೈಕಾಲು ತೊಳೆದು ಸುಮ್ಮನೆ ಕೂರಬೇಕು. ಇವರು ಮನೆಯಲ್ಲೂ ಇನ್ನೊಂದರ ಕೆಳಗೆ ಮಲಗುತ್ತಿದ್ದರು. ತಾಂಡೂರಿನ ಕಡೆ ಒಂದು ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಯಾವನೋ ಪರದೇಶದ ಎಂಜಿನಿಯರ್ ತಂದು ಬಿಟ್ಟುಹೋದ ಕಾರು ಅದು. ಎರಡೇ ಸೀಟು, ಮೊಣಕಾಲೆತ್ತರ, ಮೇಲೆ ಮಾಡು ಇಲ್ಲ. ಕಾರ್ಖಾನೆಯ ಗೋದಾಮಿನಲ್ಲಿ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಜನರೇಟರ್ ರಿಪೇರಿಗೆಂದು ಹೋದ ಭಾವ ಕೂಲಿಯ ಬದಲು ಅದನ್ನು ಕೇಳಿ, ಟ್ರಾಕ್ಟರ್ ಹಿಂದೆ ಕಟ್ಟಿಕೊಂಡು ಊರಿಗೆ ತಂದರು. ಸೀಟಿನ ಕೆಳಗಿನ ಎರಡು ಮೊಟ್ಟೆಗಳೂ ಜೊತೆಗೇ ಬಂದವು.

ಅದಕ್ಕೆ ಬೇಕಾದ ಭಾಗ ಈ ಭೂಮಿಯ ಮೇಲೆ ಎಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಭಾವ ಸಿಕ್ಕಿದ್ದನ್ನೆಲ್ಲ ಹಾಕಿದರು. ಫ್ಯಾನ್ ಬೆಲ್ಟು ಹಿಟ್ಟಿನ ಗಿರಣಿಯದು, ಬ್ರೇಕಿನ ವೈರು ಮೊಪೆಡ್ಡಿನದು, ಸೀಟಿನೊಳಗೆ ತೆಂಗಿನ ನಾರು. ಹಾರ್ನು ಗುಜರಿಯಲ್ಲಿ ಸಿಕ್ಕ ಬಸ್ಸಿನದು. ಅದನ್ನು ಒತ್ತಿದರೆ ಜನ ಬಸ್ಸು ಬಂತೆಂದು ದಾರಿ ಬಿಟ್ಟು, ಆಮೇಲೆ ಬಗ್ಗಿ ಹುಡುಕುತ್ತಿದ್ದರು. ಪಕ್ಕದ ಸೀಟಿನ ಬಾಗಿಲು ಸಡಿಲವಾಗಿ ದಾರಿಯಲ್ಲಿ ಬಿದ್ದುಹೋಗುತ್ತಿತ್ತು, ಅದಕ್ಕೆ ವೆಲ್ಡಿಂಗ್ ಮಾಡಿ ಶಾಶ್ವತವಾಗಿ ಮುಚ್ಚಿಬಿಟ್ಟರು. ಕೂರುವವರು ಅದನ್ನು ದಾಟಿಯೇ ಒಳಗಿಳಿಯಬೇಕು. ರಿವರ್ಸ್ ಗೇರು ಸತ್ತು ಆರು ವರ್ಷ. ಆದರೆ ಗಾಡಿ ಹಗುರ. ತಿರುಗಿಸಬೇಕಾದಾಗ ಓಣಿಯ ನಾಲ್ಕು ಜನ ನಾಲ್ಕು ಮೂಲೆ ಹಿಡಿದೆತ್ತಿ ಮುಖ ಆ ಕಡೆ ಮಾಡಿ ಇಡುತ್ತಿದ್ದೆವು.

ಮುಖ್ಯ ರೋಗ ಸ್ಟಾರ್ಟರಿನದು. ನಿಂತ ಗಾಡಿ ತಾನಾಗಿ ಹೊರಡುವುದು ವರ್ಷಕ್ಕೊಮ್ಮೆ, ಅದೂ ಆಯುಧಪೂಜೆಯ ದಿನ ನಿಂಬೆಹಣ್ಣು ಇಟ್ಟಾಗ. ಉಳಿದ ದಿನ ಇಳಿಜಾರು ಬೇಕು. ಉರುಳಲು ಬಿಟ್ಟು, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಕೆಮ್ಮಿ ಎದ್ದೇಳುತ್ತಿತ್ತು. ಇದರಿಂದ ಭಾವನ ಬದುಕೇ ಇಳಿಜಾರಿನ ಪ್ರಕಾರ ನಡೆಯತೊಡಗಿತು. ದಿಬ್ಬದ ಮೇಲಿರುವ ನೆಂಟರ ಮದುವೆಗೆ ಮೊದಲು ಹಾಜರು. ಸಪಾಟು ಜಾಗದಲ್ಲಿದ್ದವರು ಸತ್ತರೂ “ನೋಡೋಣ” ಎನ್ನುತ್ತಿದ್ದರು. ನನ್ನ ಸ್ವಂತ ಸೋದರಮಾವ ಇದೇ ಕಾರಣಕ್ಕೆ ಅವರ ಜೊತೆ ಮಾತು ಬಿಟ್ಟಿದ್ದಾನೆ, ಪಾಪ, ಅವನ ಮನೆ ಕೆರೆಯ ಬಯಲಿನಲ್ಲಿದೆ.

ಮೇಲಿನ ಮಾಡಿನ ಕಥೆ ಬೇರೆ. ಅದರ ಮೂಲ ಬಟ್ಟೆ ಗೋದಾಮಿನಲ್ಲೇ ಇಲಿಗಳ ಪಾಲಾಗಿತ್ತು. ಮೊದಲ ಮಳೆಗಾಲದಲ್ಲಿ ಭಾವ ಛತ್ರಿ ಹಿಡಿದು ಕಾರು ಓಡಿಸುವುದನ್ನು ಕಂಡ ಕುರಿ ಕಾಯುವ ಬೀರಣ್ಣ ಒಂದು ದಿನ ಮನೆಗೇ ಬಂದ. “ಮಿಸ್ತ್ರಿ ಸಾಬ್ರ, ಹುಣಸಿ ಬೀಜದ ಗಂಜಿ ಕುಡಿದ ಕಂಬಳಿ ಅದರೀ ನನ್ನ ಕಡಿ. ಒಂದ್ ಹನಿ ಒಳಗ ಇಳಿಯಾಂಗಿಲ್ಲ. ಒಯ್ರಿ” ಎಂದ. ಬಿದಿರಿನ ಮೂರು ಕಮಾನು ಬಗ್ಗಿಸಿ, ಮೇಲೆ ಆ ಕರಿ ಕಂಬಳಿ ಬಿಗಿದು ಕಟ್ಟಿದ್ದಾಯಿತು. ಬೀರಣ್ಣ ಹೇಳಿದ್ದು ನಿಜ, ಹನಿ ಇಳಿಯಲಿಲ್ಲ. ಮಳೆ ಬಂದಾಗ ಒಳಗೆ ಕೂತವರಿಗೆ ಕುರಿ ಹಟ್ಟಿಯ ವಾಸನೆ ಹೊಡೆಯುತ್ತಿತ್ತು, ಅಷ್ಟೇ.

ಈಗ ನಮ್ಮ ನರ್ಮದಕ್ಕನ, ಅಂದರೆ ಭಾವನ ಹೆಂಡತಿಯ ವಿಷಯ. ಕಾರಿಗೆಂದು ಭಾವ ಕಟ್ಟಿದ ತಗಡಿನ ಶೆಡ್ಡು ಅವಳ ಅಡಿಗೆಮನೆಯ ಕಿಟಕಿಗೆ ಸರಿಯಾಗಿ ಅಡ್ಡ ಬಂದಿತ್ತು. ಅಂಗಳದಲ್ಲಿ ಇದ್ದಷ್ಟು ಇಳಿಜಾರು ಅದೇ ಮೂಲೆಯಲ್ಲಿ, ಆದರೂ ಹೆಚ್ಚಿನ ದಿನ ಅದು ಸಾಲದೆ ನಾನು ದಬ್ಬಬೇಕಿತ್ತು. ಹನ್ನೊಂದು ವರ್ಷ ಅವಳು ಹಗಲು ಹೊತ್ತಿನಲ್ಲಿ ಬಲ್ಬು ಹಚ್ಚಿಕೊಂಡು ರೊಟ್ಟಿ ಬಡಿದಳು. ಆ ಹನ್ನೊಂದು ವರ್ಷ ಅವಳು ಕಾರಿನಲ್ಲಿ ಒಮ್ಮೆಯೂ ಕೂರಲಿಲ್ಲ. “ಗೋಡಿ ಜಿಗಿದು ಕುಂದ್ರಾಕ ನಾ ಏನ್ ಕಳ್ಳೇನು?” ಎನ್ನುವಳು. ಮಾತಾಡುವಾಗ ಅದು “ನಿಮ್ಮ ಡಬ್ಬಿ”. ಸಿಟ್ಟು ಬಂದಾಗ “ನಿಮ್ಮ ಹಿರೇ ಹೆಂಡ್ತಿ”.

ತಾಂಡೂರಿನ ತುಳಸಿರಾಮ ಎಂಬವನು ಮದುವೆ ಮೆರವಣಿಗೆಗೆ ಕುದುರೆ, ಬ್ಯಾಂಡು, ಲೈಟು ಬಾಡಿಗೆಗೆ ಕೊಡುವವನು. ಅವನಿಗೆ ಈ ಕಾರಿನ ಮೇಲೆ ಕಣ್ಣು. ಇಂಜಿನ್ ಕಿತ್ತೊಗೆದು, ಉಳಿದದ್ದನ್ನು ಟ್ರಾಕ್ಟರಿನ ಟ್ರಾಲಿಯ ಮೇಲೆ ಕೂಡಿಸಿ, ಸುತ್ತ ಬಣ್ಣದ ಬಲ್ಬು ಹಚ್ಚಿ ಮದುಮಗನನ್ನು ಕೂರಿಸುವುದು ಅವನ ಯೋಜನೆ. ಈ ಮಾತು ಕೇಳಿದ ದಿನ ಭಾವ ಊಟ ಮಾಡಲಿಲ್ಲ. ನಾನು ಎರಡು ರೊಟ್ಟಿ ಹೆಚ್ಚು ತಿಂದೆ. ಸುಳ್ಳೇಕೆ ಹೇಳಲಿ, ಅದು ಹೋದರೆ ಸಾಕೆಂದು ನನಗೂ ಇತ್ತು. ತುಳಸಿರಾಮನ ನಂಬರು ನನ್ನ ಫೋನಿನಲ್ಲೇ ಇತ್ತು.

ಎರಡು ಸಾವಿರದ ಹನ್ನೊಂದು. ಪ್ರತ್ಯೇಕ ತೆಲಂಗಾಣ ಬೇಕೆಂದು ಸಕಲರೂ ಸಮ್ಮೆ, ಅಂದರೆ ಮುಷ್ಕರ, ಹೂಡಿದ ವರ್ಷ. ಕಚೇರಿ ಬಂದ್, ಶಾಲೆ ಬಂದ್, ಬಸ್ಸು ಡಿಪೋದೊಳಗೆ. ಭಾವ ಬೆಳಿಗ್ಗೆ ಡಿಪೋ ಗೇಟಿನ ಟೆಂಟಿನಲ್ಲಿ ಕೂತು ಘೋಷಣೆ ಕೂಗುವರು, ಮಧ್ಯಾಹ್ನದಿಂದ ಕಾರಿನ ಕೆಳಗೆ ಮಲಗುವರು. ಒಂದು ಸಂಜೆ ಅಕ್ಕ ಚಹಾ ಲೋಟವನ್ನು ಬಾನೆಟ್ಟಿನ ಮೇಲೆ ಕುಕ್ಕಿದಳು.

“ದಸರಾಕ್ಕ ಖೇಡಕ್ಕ ಹೋಗ್ಬೇಕು, ಅವ್ವನ ಮನಿಗೆ. ಬಸ್ಸಂತೂ ಇಲ್ಲ. ನಿಮ್ಮ ಡಬ್ಬಿ ಅದಲ್ಲ?”

ನಾರಾಯಣಖೇಡ ನಮಗೆ ಬರೀ ಖೇಡ, ನಮ್ಮ ತವರು. ಭಾವ ಕಾರಿನ ಕೆಳಗಿಂದ ತಲೆ ಹೊರಹಾಕಿದರು. “ನೀ ಕುಂದರ್ತೀ ಏನು ಇದರಾಗ?”

“ಕುಂದರ್ತೀನಿ. ಆದ್ರ ಶರತ್ತದ. ಇಲ್ಲಿಂದ ಖೇಡದ ತನಕ ಒಬ್ಬರ ಕೈನೂ ಇದಕ್ಕ ಹತ್ತಬಾರದು. ದಬ್ಬದಂಗ ಹ್ವಾದ್ರ ಗಾಡಿ ನಿಮ್ಮದು, ಸಾಯೋತನಕ ಒಂದ್ ಮಾತು ಅನ್ನಂಗಿಲ್ಲ. ಯಾರರೆ ದಬ್ಬಿದ್ರ, ಹಬ್ಬದ ಮರುದಿನ ತುಳಸಿರಾಮ ಬಂದು ಒಯ್ತಾನ. ನನ್ನ ಕಿಟಕಿ ನನಗ.”

ಭಾವ ಬಹಳ ಹೊತ್ತು ಸ್ಪಾನರ್ ಒರೆಸಿದರು. ಆಮೇಲೆ “ಆತು” ಎಂದರು.

ಮುಂದಿನ ಒಂದು ವಾರ ನಾನು ಅವರನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಖೇಡದ ರಸ್ತೆ ಸುತ್ತಿದೆ. ದಾರಿಯ ಇಳಿಜಾರುಗಳನ್ನೆಲ್ಲ ಅವರು ಚೀಟಿಯಲ್ಲಿ ಗುರುತು ಹಾಕಿಕೊಂಡರು. ಚಹಾಕ್ಕೆ ಎಲ್ಲಿ ನಿಲ್ಲಬೇಕು, ಅಕ್ಕನಿಗೆ ನೀರಡಿಕೆಯಾದರೆ ಎಲ್ಲಿ, ಎಲ್ಲವೂ ದಿಬ್ಬದ ನೆತ್ತಿಯಲ್ಲೇ. ಇಷ್ಟು ತಯಾರಿ ಸಮ್ಮೆ ನಡೆಸುವವರೂ ಮಾಡಿರಲಿಕ್ಕಿಲ್ಲ. ಬ್ಯಾಟರಿ ಮಾತ್ರ ಹಳೆಯದೇ ಉಳಿಯಿತು. ಸಂಬಳ ನಿಂತ ತಿಂಗಳಲ್ಲಿ ಹೊಸದರ ಮಾತೆತ್ತುವ ಧೈರ್ಯ ಅವರಿಗಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಅಕ್ಕ ಸ್ಟೂಲಿನ ಮೇಲೆ ಹತ್ತಿ, ಓಣಿಯವರನ್ನೆಲ್ಲ ಆ ಕಡೆ ಮುಖ ಮಾಡಲು ಹೇಳಿ, ಬಾಗಿಲು ದಾಟಿ ಒಳಗಿಳಿದಳು. ಗಾಡಿ ಉರುಳಿತು, ಕೆಮ್ಮಿತು, ಎದ್ದಿತು. ಯಾರ ಕೈಯೂ ತಾಕಲಿಲ್ಲ. ನಾನು ಬೈಕಿನಲ್ಲಿ ಹಿಂದೆ.

ಊರು ದಾಟಿದ ಮೇಲೆ ಒಂದು ವಿಚಿತ್ರ ನಡೆಯಿತು. ಅಕ್ಕ ಭಾವನ ಕಿವಿಯಲ್ಲಿ ಏನೋ ಹೇಳಿದಳು. ಭಾವ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದೇ ಇನ್ನೊಂದರಲ್ಲಿ ಕಂಬಳಿಯ ಗಂಟು ಬಿಚ್ಚಿದರು. ಕಮಾನುಗಳು ಹಿಂದಕ್ಕೆ ಮಡಚಿಕೊಂಡು ಮಾಡು ಹೋಯಿತು. ಎರಡೂ ಕಡೆ ತೊಗರಿ ಹೊಲ, ಮೇಲೆ ಆಕಾಶ, ನಡುವೆ ನಮ್ಮ ಅಕ್ಕನ ತಲೆ. ಸೆರಗು ಜಾರಿ ಕೂದಲು ಹಾರುತ್ತಿತ್ತು, ಅವಳು ಅದನ್ನು ಹಿಡಿಯಲೇ ಇಲ್ಲ. ಅವಳ ನಗು ನನಗೆ ಬೈಕಿನ ಸದ್ದಿನಲ್ಲೂ ಕೇಳಿಸಿತು. ನನಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ಸಿಟ್ಟೂ ಬಂತು.

ಬಿಚ್ಚಿದ ಕಂಬಳಿಯನ್ನು ಇಡಲು ಗಾಡಿಯಲ್ಲಿ ಜಾಗವಿಲ್ಲ. ಹಿಂದಿನ ಡಿಕ್ಕಿಯ ತುಂಬ ಪಾನಾ, ಹ್ಯಾಂಡಲು, ನೀರಿನ ಕ್ಯಾನು. ಭಾವ ಅದನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡರು. ತಪ್ಪಾದದ್ದು ಅಲ್ಲೇ. ಆ ವರ್ಷ ಊರೂರಲ್ಲಿ ಸನ್ಮಾನಕ್ಕೆ ಹೊದಿಸಿದ ಕಂಬಳಿಯನ್ನು ಹೆಗಲ ಮೇಲೆ ಹೊತ್ತು, ಟಾಪಿಲ್ಲದ ಗಾಡಿಯಲ್ಲಿ ಎಲ್ಲರಿಗೂ ಕಾಣುವಂತೆ ಬರುವವರು ಒಂದೇ ಜಾತಿ: ಚಳವಳಿಯ ಮುಖಂಡರು.

ಅರ್ಧ ದಾರಿಯಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ, ಜನ ರಸ್ತೆಯ ಮೇಲೇ ಒಲೆ ಹೂಡಿ ಅಡಿಗೆ ಮಾಡುತ್ತಿದ್ದರು. ಆಗಿನ ರಸ್ತೆ ತಡೆ ಹಾಗೇ. ಅಲ್ಲೇ ಬೇಯಿಸಿ ಅಲ್ಲೇ ಉಣ್ಣುವುದು. ಇನ್ನೂರು ಜನರಾದರೂ ಇದ್ದರು. ಕಾರು ಕಂಡದ್ದೇ ಡೋಲು ಶುರುವಾಯಿತು. ಹೈದರಾಬಾದಿನಿಂದ ಯಾರೋ ದೊಡ್ಡವರು ಬಂದರೆಂದು ಕೂಗು ಎದ್ದಿತು. ಭಾವನ ಕೊರಳಿಗೆ ಚೆಂಡು ಹೂವಿನ ಹಾರ ಬಿತ್ತು. ಮಾತಾಡಬೇಕೆಂದು ತೆಲುಗಿನಲ್ಲಿ ಒತ್ತಾಯ. ಭಾವ ಕಣ್ಣು ಬಿಟ್ಟು “ಇಂಜಿನ್ ಬಂದ್ ಮಾಡಬ್ಯಾಡ್ರಿ” ಎಂದಷ್ಟೇ ಅನ್ನುತ್ತಿದ್ದರು. ಡೋಲಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಮುಖಂಡರ ಭಾಷಣಕ್ಕೆ ಸದ್ದು ಅಡ್ಡಿಯಾಗಬಾರದೆಂದು ಒಬ್ಬ ಅಭಿಮಾನಿ ಬಗ್ಗಿ, ಭಕ್ತಿಯಿಂದ ಕೀಲಿ ತಿರುಗಿಸಿ ಬಂದ್ ಮಾಡಿದ.

ಅಂಗೈಯಷ್ಟೂ ಇಳಿಜಾರಿಲ್ಲದ ಜಾಗ ಅದು.

ಭಾವ ಕೀಲಿಯ ಮೇಲೆ ಕೈಯಿಟ್ಟು ಕೂತುಬಿಟ್ಟರು. ಕೊನೆಗೆ ಅಕ್ಕ ಸೀಟಿನ ಮೇಲೆ ಎದ್ದು ನಿಂತಳು. ಇವರು ಮುಖಂಡರಲ್ಲ, ಜಹೀರಾಬಾದ್ ಡಿಪೋದ ಫಿಟ್ಟರ್, ಸಮ್ಮೆಯಲ್ಲಿದ್ದಾರೆ, ನಾವು ಹಬ್ಬಕ್ಕೆ ತವರಿಗೆ ಹೊರಟಿದ್ದೇವೆ ಎಂದು ತೆಲುಗಿನಲ್ಲಿ ಸ್ಪಷ್ಟವಾಗಿ ಹೇಳಿದಳು. ಜನರಿಗೆ ಬೇಜಾರಾಗಲಿಲ್ಲ. ಮುಖಂಡನಾದರೆ ಮಾತಾಡಿ ಹೋಗುತ್ತಾನೆ, ಫಿಟ್ಟರ್ ಆದರೆ ಕೂತು ಉಣ್ಣುತ್ತಾನೆ ಎಂದು ಒಬ್ಬ ಮುದುಕ ಅಂದ. ಎಲೆಯ ತುಂಬ ಚಿತ್ರಾನ್ನ ಬಡಿಸಿದರು. ನಾನು ಎರಡು ಸಲ ಹಾಕಿಸಿಕೊಂಡೆ. ಭಾವ ಒಂದು ಅಗುಳೂ ಮುಟ್ಟಲಿಲ್ಲ.

ಊಟ ಮುಗಿದು ದಾರಿ ಬಿಟ್ಟರು. ಭಾವ ಕೀಲಿ ತಿರುಗಿಸಿದರು. ಗಾಡಿ ಎರಡು ಸಲ ಗೊರ ಗೊರ ಎಂದು ಸುಮ್ಮನಾಯಿತು. ಹನ್ನೊಂದು ವರ್ಷದ ಚಾಳಿ. ನನ್ನ ಎರಡೂ ಕೈ ತಾವಾಗಿ ಹೋಗಿ ಡಿಕ್ಕಿಯ ಹತ್ತಿರ ನಿಂತವು. ಭಾವ ತಿರುಗಿ ನೋಡಿದರು. ಆ ನೋಟ ನೋಡಿ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅಷ್ಟರಲ್ಲಿ ಇಪ್ಪತ್ತು ಜನ ದಬ್ಬಲು ಓಡಿ ಬಂದರು. ಭಾವ ಇಳಿದು ಎರಡೂ ತೋಳು ಚಾಚಿ ಅಡ್ಡ ನಿಂತರು. “ಕೈ ಮುಗೀತೀನಿ, ಯಾರೂ ಮುಟ್ಟಬ್ಯಾಡ್ರಿ.” ಜನ ಏನೂ ಅರ್ಥವಾಗದೆ ಮುಖ ಮುಖ ನೋಡಿಕೊಂಡರು. ಅಕ್ಕ ಸೀಟಿನಲ್ಲೇ ಕೂತಿದ್ದಳು.

ಭಾವ ಡಿಕ್ಕಿಯಿಂದ ಹ್ಯಾಂಡಲ್ ತೆಗೆದು, ಮುಂದೆ ಹೋಗಿ ಇಂಜಿನ್ನಿಗೆ ಸಿಗಿಸಿ ತಿರುವತೊಡಗಿದರು. ಐವತ್ತನಾಲ್ಕು ವರ್ಷದ ಮನುಷ್ಯ, ಕೊರಳಲ್ಲಿ ಹಾರ, ಮೇಲೆ ಉರಿಬಿಸಿಲು. ಹತ್ತು ಸಲ, ಹದಿನೈದು ಸಲ. ಹದಿನೇಳನೆಯ ಸಲ ಹ್ಯಾಂಡಲ್ ಹಿಮ್ಮುಖ ಒದ್ದು ಮಣಿಕಟ್ಟಿಗೆ ಬಡಿಯಿತು. ಅವರು ಕೈಯನ್ನು ಕಂಕುಳಲ್ಲಿ ಅವುಚಿಕೊಂಡರು. ಆಮೇಲೆ ಕೊರಳಿನ ಹಾರ ತೆಗೆದು ಬಾನೆಟ್ಟಿನ ಮೇಲೆ ಹಾಕಿದರು.

“ಮಿಲಿಂದಾ, ತುಳಸಿರಾಮಗ ಫೋನ್ ಹಚ್ಚು.”

ಹನ್ನೊಂದು ವರ್ಷ ಕಾದ ಮಾತು. ಫೋನ್ ಹೊರ ತೆಗೆದೆ, ನಂಬರೂ ಸಿಕ್ಕಿತು. ಬೆರಳು ಒತ್ತಲಿಲ್ಲ. ನನಗೆ ಅಳು ಬಂದಿತ್ತು ಎಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಆಗ ಅಕ್ಕ ಬಾಗಿಲು ದಾಟಿ ಕೆಳಗಿಳಿದಳು. ಸ್ಟೂಲಿಲ್ಲ, ಆ ಕಡೆ ಮುಖ ಮಾಡಿ ಎಂದು ಯಾರಿಗೂ ಹೇಳಲಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಗಾಡಿಯ ಹಿಂದೆ ಬಂದಳು.

“ನೀವು ಒಳಗ ಕುಂದ್ರಿ. ಆ ಕೈಲೆ ಗೇರ್ ಹಾಕಾಕ ಆಗ್ತದಿಲ್ಲ?”

“ನರ್ಮದಾ, ಶರತ್ತು...”

“ಶರತ್ತು ಹಾಕಿದಾಕಿ ನಾನು. ಸೋತಾಕಿನೂ ನಾನೇ ಅಂತ ಇಟ್ಕೋರಿ. ಕುಂದ್ರಿ ಅಂದ್ನೆಲ್ಲ.”

ಜನ ಮತ್ತೆ ಮುಂದೆ ಬಂದರು, ನಾನೂ ಬಂದೆ. ಅಕ್ಕ ಒಂದು ಕೈ ಎತ್ತಿ ಎಲ್ಲರನ್ನೂ ತಡೆದಳು. “ಯಾರೂ ಬ್ಯಾಡ. ನಮ್ಮನಿ ಗಾಡಿ ಇದು.” ಆಮೇಲೆ ಒಬ್ಬಳೇ ದಬ್ಬಿದಳು. ಗಾಡಿ ಸರಸರ ಹೊರಟಿತು. ಇಷ್ಟು ಹಗುರವಾದದ್ದನ್ನು ದಬ್ಬಲು ನಾನು ಹನ್ನೊಂದು ವರ್ಷ ಇಡೀ ಓಣಿಗೆ ಕೇಳುವಂತೆ ಮುಲುಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಇಂಜಿನ್ ಎದ್ದಿತು. ಈಗ ನಿಲ್ಲಿಸಿದರೆ ಮತ್ತೆ ಅದೇ ಕಥೆ. ಭಾವ ಒಲೆಗಳ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿ ಬಂದರು. ಅಕ್ಕ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ, ಮುಚ್ಚಿದ ಬಾಗಿಲ ಮೇಲೆ ಕೈಯೂರಿ, ಕಾಲೆತ್ತಿ ಒಳಗೆ ಬಿದ್ದಳು. ಡೋಲಿನವರು ಮುಖಂಡರಿಗೆ ಬಾರಿಸಿದ್ದಕ್ಕಿಂತ ಜೋರಾಗಿ ಬಾರಿಸಿದರು.

ಖೇಡದಲ್ಲಿ ಅವ್ವನ ಮನೆಯ ಮುಂದೆ ಇಳಿದ ಭಾವ ಕೈಗೆ ಅರಿಶಿನ ಕಟ್ಟಿಸಿಕೊಳ್ಳುತ್ತಲೇ, ಮಾತು ಮಾತೇ, ಹಬ್ಬವಾದ ಮೇಲೆ ತುಳಸಿರಾಮನನ್ನು ಕರೆಸುತ್ತೇನೆ ಎಂದರು. ಅಕ್ಕ ಅದು ಕೇಳಿಸಲೇ ಇಲ್ಲವೆಂಬಂತೆ, “ಶೆಡ್ಡು ಬೇವಿನ ಗಿಡದ ಕಡಿ ಹಾಕ್ರಿ, ನನ್ನ ಕಿಟಕಿ ಬಿಡ್ರಿ” ಎಂದಳು. ಅಲ್ಲಿ ಸಪಾಟು ನೆಲ ಎಂದು ಭಾವ ಅಂದರು. “ಗೊತ್ತದ” ಎಂದಳು ಅಕ್ಕ.

ಶೆಡ್ಡು ಈಗ ಬೇವಿನ ಕೆಳಗಿದೆ. ಅಡಿಗೆಮನೆಗೆ ಬಿಸಿಲು ಬರುತ್ತದೆ. ಬೆಳಿಗ್ಗೆ ನಾನು ಇಸ್ತ್ರಿ ಅಂಗಿ ತೊಡುವಾಗ ಗೋಡೆಯಾಚೆಯಿಂದ ಯಾರೂ ನನ್ನನ್ನು ಕರೆಯುವುದಿಲ್ಲ. ರೊಟ್ಟಿ ಹಿಟ್ಟಿನ ಕೈಯಲ್ಲೇ ಅಕ್ಕ ಹೊರಬರುತ್ತಾಳೆ, ಗಾಡಿ ಎದ್ದ ಮೇಲೆ ಒಳಗೆ ಹೋಗುತ್ತಾಳೆ. ಡಿಕ್ಕಿಯ ಮೇಲೆ ಅವಳ ಎರಡು ಅಂಗೈಯ ಬಿಳಿ ಗುರುತು ಹಾಗೇ ಇರುತ್ತದೆ. ಕಾರನ್ನು ದಿನವೂ ಒರೆಸುವ ಭಾವ ಅಷ್ಟು ಜಾಗ ಮಾತ್ರ ಒರೆಸುವುದಿಲ್ಲ.