ಅಪ್ಪನ ಕಾಲು ತೊಳೆದ ಬಿಷಪ್ಪರು

ಪ್ರತಿ ವರ್ಷ ಹತ್ತನೆಯ ತರಗತಿಯ ರಿಸಲ್ಟು ಬಂದ ಮರುವಾರ ನಮ್ಮ ಸಾಲಿಯ ಬಿಷಪ್ಪರು ಒಂದು ಪಟ್ಟಿ ಹಿಡಿದು ಜೀಪು ಹತ್ತುತ್ತಿದ್ದರು. ಪಾಸಾಗಿಯೂ ಪಿಯುಸಿಗೆ ಹೆಸರು ಹಚ್ಚದ ಹುಡುಗಿಯರ ಪಟ್ಟಿ ಅದು. ಫೋನು ಮಾಡಿದರೆ ಸಾಲದೇ ಎಂದು ಮಾಸ್ತರರು ಕೇಳಿದರೆ, ಫೋನಿನಲ್ಲಿ ಇಲ್ಲ ಅನ್ನುವುದು ಸಲೀಸು, ನಾನು ಎದುರಿಗೆ ಕೂತಾಗ ಅನ್ನಲಿ ನೋಡೋಣ, ಅನ್ನುತ್ತಿದ್ದರು. ಸವದತ್ತಿ ಸುತ್ತಲಿನ ಹಳ್ಳಿಗಳಲ್ಲಿ ಒಂದನ್ನೂ ಬಿಡುತ್ತಿರಲಿಲ್ಲ. ಆ ವರ್ಷ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಅವರು ಕೇರಳದ ಆರ್ಥೊಡಾಕ್ಸ್ ಕ್ರೈಸ್ತ ಸಭೆಯವರು. ಬಿಳಿ ನಿಲುವಂಗಿ, ಎದೆಯ ತನಕ ಗಡ್ಡ, ತಲೆಗೆ ಅಂಟಿಕೊಂಡ ಕಪ್ಪು ಟೊಪ್ಪಿಗೆ, ಅದರ ಮೇಲೆ ದಾರದ ಪುಟ್ಟ ಪುಟ್ಟ ಶಿಲುಬೆಗಳು. ಪ್ರಾರ್ಥನೆಯ ಹೊತ್ತಿಗೆ ಅವನ್ನು ಎಣಿಸಿ ನಾವು ಎಷ್ಟೋ ಸಲ ಬೈಸಿಕೊಂಡಿದ್ದೆವು. ನಮ್ಮೂರಿನವರಿಗೆ ಬಿಷಪ್ಪು ಗಿಷಪ್ಪು ತಿಳಿಯದು. ಸಂಸಾರ ಬಿಟ್ಟವರು, ಸಾಲಿ ಕಟ್ಟಿಸಿದವರು ಅಂದಮೇಲೆ ಮಠದ ಸ್ವಾಮಿಗಳನ್ನು ಕರೆಯುವ ಹಾಗೆ ಇವರನ್ನೂ ಅಜ್ಜಾರು ಅಂತಲೇ ಕರೆಯುತ್ತಿದ್ದರು.

ಹೆಣ್ಣುಮಗಳು ದಿನಾ ಬಸ್ಸು ಹತ್ತಿ ಬೈಲಹೊಂಗಲದ ಕಾಲೇಜಿಗೆ ಓಡಾಡುವುದು ಬೇಡ ಎಂದು ಅಪ್ಪನ ತಮ್ಮ, ನಮ್ಮ ಕಾಕಾ, ತೀರ್ಪು ಕೊಟ್ಟಾಗಿತ್ತು. ಅಪ್ಪ ಹೂಂ ಅಂದಿದ್ದ. ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಹಸಿವು ತಾಳಲಾರದೆ ಎರಡು ರೊಟ್ಟಿ ಹೆಚ್ಚಿಗೇ ತಿಂದೆ. ಒಟ್ಟಿನಲ್ಲಿ ಸೋತಿದ್ದೆ.

ಜೀಪು ಬಂದಾಗ ಅಪ್ಪ ಆಗಷ್ಟೇ ಹೊಲದಿಂದ ಬಂದಿದ್ದ. ಅಜ್ಜಾರು ಮನೆಗೆ ಬಂದರೆ ಪಾದ ತೊಳೆಯುವುದು ನಮ್ಮ ಪದ್ಧತಿ. ಅಪ್ಪ ತಂಬಿಗೆ ತುಂಬಿಕೊಂಡು ಅವರ ಮುಂದೆ ಕುಕ್ಕರಗಾಲಲ್ಲಿ ಕೂತ. ಬಿಷಪ್ಪರು ಕಾಲು ಹಿಂದಕ್ಕೆ ಎಳೆದುಕೊಂಡರು.

"ನಮ್ಮಲ್ಲಿ ಇದು ಉಲ್ಟಾ," ಎಂದರು, ತಮ್ಮ ಮಲಯಾಳಿ ಎಳೆತದ ಕನ್ನಡದಲ್ಲಿ. "ಈಸ್ಟರ್‌ಗೆ ಮುಂಚಿನ ಗುರುವಾರ ಹನ್ನೆರಡು ಜನರ ಕಾಲನ್ನು ನಾನೇ ತೊಳೆಯುತ್ತೇನೆ. ನೀವು ಮೇಲೆ ಕೂತ್ಕೊಳ್ಳಿ."

ಅಪ್ಪನಿಗೆ ಏನಾಗುತ್ತಿದೆ ಎಂದು ಹೊಳೆಯುವ ಮೊದಲೇ ತಂಬಿಗೆ ಅವರ ಕೈಗೆ ಹೋಗಿತ್ತು. ಎರೆಮಣ್ಣು ಮೆತ್ತಿದ ಹಿಮ್ಮಡಿಗಳನ್ನು ತಿಕ್ಕಿ ತೊಳೆದು, ತಮ್ಮ ಟವೆಲಿನಿಂದಲೇ ಒರೆಸಿದರು. ಆಮೇಲೆ ನನ್ನ ಕಾಲೇಜಿನ ಮಾತು ತೆಗೆದರು. ಅಪ್ಪ ತಲೆ ಎತ್ತದೆ, "ಕಲ್ತದ್ದು ಇಷ್ಟ ಸಾಕ್ರಿ ಅಜ್ಜಾರ," ಅಂದ. ಅವರು ಮಜ್ಜಿಗೆ ಕುಡಿದು, ಮತ್ತೆ ಬರುತ್ತೇನೆ ಎಂದು ಹೊರಟರು.

ಅಪ್ಪ ಮಾತ್ರ ಒಂದು ವಾರ ಒದ್ದಾಡಿದ. "ಅಜ್ಜಾರ ಕೈಲೆ ಕಾಲ ತೊಳಿಸ್ಕೊಂಡ್ನೆಲ್ಲ, ಈ ಪಾಪ ಎಲ್ಲಿ ಕಳೀಲಿ?"

ನನ್ನ ನಾಲಿಗೆ ತಾನಾಗಿಯೇ ಓಡಿತು. "ಅವರ ಧರ್ಮದಾಗ ಕಾಲ ತೊಳಿಸ್ಕೊಂಡಾವ ಅವರು ಕೇಳಿದ್ದನ್ನ ನಡಿಸಿಕೊಡಬೇಕಂತಪ್ಪಾ. ಇಲ್ಲಂದ್ರ ಪಾಪ ಮನಿ ಬಿಟ್ಟು ಹೋಗಂಗಿಲ್ಲಂತ."

ಮರುದಿನವೇ ಅಪ್ಪ ನನ್ನ ಹೆಸರು ಹಚ್ಚಿ ಬಂದ. ಕಾಕಾ ಅಡ್ಡ ಬರಲಿಲ್ಲ. ಪಾಪದಲ್ಲಿ ಪಾಲು ಕೇಳಲು ಅವನಿಗೂ ಮನಸ್ಸಿರಲಿಲ್ಲ.

ದಸರೆಯ ರಜೆಯ ಕೊನೆಯ ದಿನ ಸಾಲಿಗೆ ಹೋದಾಗ ಈ ಪ್ರತಾಪವನ್ನು ಬಿಷಪ್ಪರ ಮುಂದೆ ಕೊಚ್ಚಿಕೊಂಡೆ. ಹೊಟ್ಟೆ ತುಂಬ ನಗುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಏನನ್ನೋ ಕೇಳುವುದಕ್ಕೆ ಅವರ ಕಾಲು ತೊಳೆಯಲಿಲ್ಲ. ಇವತ್ತೇ ಹೋಗಿ ನಿಜ ಹೇಳು."

"ಅಪ್ಪ ಕಾಲೇಜ ಬಿಡಿಸಿಬಿಡತಾನ್ರಿ."

"ಬಿಡಿಸಿದರೆ ನಾನು ಬರುತ್ತೇನೆ. ಹತ್ತು ಸಲ ಬೇಕಾದರೂ ಬರುತ್ತೇನೆ. ಆದರೆ ಹೆದರಿಸಿ ಗಿಟ್ಟಿಸಿದ ಓದು ಬೇಡ."

ನನಗೆ ಮೈಯೆಲ್ಲ ಉರಿಯಿತು. ಓದುವವಳು ನಾನು, ಬೇಡ ಅನ್ನಲು ಇವರ್ಯಾರು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರನ್ನು ಬೈದೆ. ಆದರೆ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೆ. ಊರು ಹತ್ತಿರ ಬರುವ ಹೊತ್ತಿಗೆ ಇನ್ನೊಂದನ್ನೂ ಗಟ್ಟಿ ಮಾಡಿಕೊಂಡಿದ್ದೆ: ಹೇಳುವುದು ಹೇಳಿ, ನಾಳೆ ಕಾಲೇಜಿನ ದಾರಿ ಬಿಡುವುದಿಲ್ಲ.

ಅಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ, ಪಕ್ಕದಲ್ಲಿ ಕಾಕಾ. ಚಪ್ಪಲಿ ಬಿಡುವುದಕ್ಕೂ ಮೊದಲೇ ಹೇಳಿಬಿಟ್ಟೆ. "ಆ ಪಾಪದ ಮಾತು ನಾನ ಹುಟ್ಟಿಸಿದ್ದಪ್ಪಾ. ಅಜ್ಜಾರು ಹಂಗ ಅಂದೇ ಇಲ್ಲ. ಬೈದ್ರ ಬೈ, ಹೊಡದ್ರ ಹೊಡಿ. ನಾ ಮಾತ್ರ ಕಾಲೇಜ ಬಿಡಂಗಿಲ್ಲ."

ಕಾಕಾ ಧಡಕ್ಕನೆ ಎದ್ದ. "ಕೇಳಿದಿ ಅಣ್ಣಾ? ಕಲಿಸಿದ್ದಕ್ಕ ಸುಳ್ಳ ಕಲ್ತಾಳ. ನಾಳಿಂದ ಬಂದ್ ಮಾಡು."

ಅಪ್ಪ ಹಗ್ಗದ ತುದಿಗೆ ಗಂಟು ಹಾಕಿದ. ನನ್ನ ಮುಖವನ್ನು ಅಷ್ಟು ಹೊತ್ತು ಅವನು ಯಾವತ್ತೂ ನೋಡಿದ್ದಿಲ್ಲ.

"ಇಷ್ಟ ದಿನ ಪಾಪಕ್ಕ ಹೆದರಿ ಕಳಿಸಿದೆ," ಅಂದ. ಆಮೇಲೆ ಕಾಕಾನ ಕಡೆ ತಿರುಗಿದ. "ನಾಳಿಂದ ನಾನಾಗೇ ಕಳಸ್ತೇನಿ."