ಯಾರೂ ಕೇಳದ ಸಾಮಾನು

ಹೊಸ ತಿಪ್ಪಸಂದ್ರದ ಒಟ್ಟು ಕುಟುಂಬಕ್ಕೆ ಸೊಸೆಯಾಗಿ ಬಂದವಳು ನಾನು. ಅಷ್ಟು ಹೊತ್ತಿಗೆ ಹೊಲ ಹೋಗಿ ಬಾಡಿಗೆ ಮನೆಗಳು ಎದ್ದಿದ್ದವು. ಆದರೆ ಹೊಲದ ಕಾಲದ ರೂಢಿ ಹೋಗಿರಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದದ್ದೆಲ್ಲ ಎಲ್ಲರದೂ. ತವರಿನಿಂದ ಒಂದು ಟೇಪ್ ರೆಕಾರ್ಡರ್ ತಂದಿದ್ದೆ. ಅದರಲ್ಲಿ ರೇಡಿಯೋನೂ ಇತ್ತು, ಎಡವಟ್ಟಾದದ್ದೇ ಅಲ್ಲಿ. ಮಾವನವರಿಗೆ ವಾರ್ತೆ, ಮೈದುನನಿಗೆ ಕ್ರಿಕೆಟ್ ಕಾಮೆಂಟರಿ. ನನ್ನ ಕ್ಯಾಸೆಟ್ಟುಗಳು ಬೀರುವಿನಲ್ಲೇ ಕೊಳೆತವು. ಹತ್ತಾರು ವರ್ಷದ ಮೇಲೆ ಗಂಡ ನನಗೆಂದು ತಂದ ಕ್ಯಾಮೆರಾ ಮೊಬೈಲು ಮೈದುನನ ಜೊತೆ ಸೈಟು ನೋಡಲು ಕೆ.ಆರ್. ಪುರಕ್ಕೆ ಹೋಗುತ್ತಿತ್ತು, ಚಾರ್ಜಿಗೆ ಮಾತ್ರ ಮನೆಗೆ ಬರುತ್ತಿತ್ತು. ಕೊಡಲ್ಲ ಅಂದರೆ ಜಿಪುಣಿ ಅನ್ನುತ್ತಿದ್ದರು. ಜಿಪುಣಿಯಲ್ಲ, ನನಗೆ ಮೈಯೆಲ್ಲ ಉರಿಯುತ್ತಿತ್ತು, ಅಷ್ಟೆ.

ಯಾರೂ ಕಿತ್ತುಕೊಳ್ಳದೆ ಬಿಟ್ಟದ್ದು ಪುಸ್ತಕ ಒಂದನ್ನೇ. ಹಲಸೂರಿನ ಕಾನ್ವೆಂಟಿನಲ್ಲಿ ಓದಿದ ನನಗೆ ಇಂಗ್ಲಿಷ್ ಕಾದಂಬರಿಗಳ ಹುಚ್ಚು. ಅವರೆಕಾಯಿ ಕಾಲದಲ್ಲಿ ಹೆಂಗಸರೆಲ್ಲ ಹಜಾರದಲ್ಲಿ ಸುತ್ತ ಕೂತು ನೆನೆಸಿದ ಕಾಳು ಹಿಸುಕುವಾಗ ನನಗೆ ಮಾತ್ರ ಆ ಕೆಲಸ ಇರಲಿಲ್ಲ. ಕಣ್ಣಲ್ಲಿ ಇಂಗ್ಲಿಷ್ ಓದುತ್ತ, ಬಾಯಲ್ಲಿ ನಮ್ಮ ಮನೆಯ ಕನ್ನಡದಲ್ಲಿ ಕಥೆ ಹೇಳುವುದು ನನ್ನ ಪಾಳಿ. ಅಕ್ಷರ ಬಾರದ ನಮ್ಮತ್ತೆ ಕಥೆಯೊಳಗಿನ ಕೆಟ್ಟ ಗಂಡನಿಗೆ ಶಾಪ ಹಾಕುತ್ತ ಎಷ್ಟು ಜೋರಾಗಿ ಹಿಸುಕುತ್ತಿದ್ದರೆಂದರೆ ಬೇಳೆ ಹಾರಿ ಗೋಡೆಗೆ ಬೀಳುತ್ತಿತ್ತು.

ನಲವತ್ತರ ಹತ್ತಿರ ಕಣ್ಣು ಕೈಕೊಟ್ಟಿತು. ಕನ್ನಡಕ ಬದಲಾಯಿಸಿದೆ, ಟ್ಯೂಬ್‌ಲೈಟಿನ ಕೆಳಗೆ ಕೂತು ನೋಡಿದೆ. ಸಣ್ಣಕ್ಷರದ ಪುಸ್ತಕ ಹಿಡಿದ ಸ್ವಲ್ಪ ಹೊತ್ತಿಗೇ ತಲೆ ಸಿಡಿಯುತ್ತಿತ್ತು. ಇದೂ ಹೋದರೆ ಈ ಮನೆಯಲ್ಲಿ ನನ್ನದು ಅಂತ ಏನುಳಿಯುತ್ತದೆ ಅಂತ ನಿಜಕ್ಕೂ ಭಯವಾಯಿತು. ಆಗಲೇ ಸಿ.ವಿ. ರಾಮನ್ ನಗರದ ಕಣ್ಣಿನ ಡಾಕ್ಟರ ಬಳಿ ಕಾಯುತ್ತಿದ್ದ ಹೆಂಗಸೊಬ್ಬಳ ಕೈಯಲ್ಲಿ ಇ-ಬುಕ್ ಓದುವ ಯಂತ್ರ ನೋಡಿದ್ದು. ಬೂದು ಬಣ್ಣದ ಹಲಗೆ. ಗುಂಡಿ ಒತ್ತಿದಳು, ಅಕ್ಷರ ಕಡಲೆಕಾಳಿನಷ್ಟು ದಪ್ಪವಾಯಿತು.

ಗೌರಿ ಹಬ್ಬಕ್ಕೆ ತವರಿನಿಂದ ಬರುವ ಉಡುಗೊರೆ ಹೆಣ್ಣುಮಕ್ಕಳ ಹಕ್ಕು. ಈ ಸಲ ಸೀರೆ ಬೇಡ, ಆ ಯಂತ್ರ ಕೊಡಿಸು ಅಂತ ಅಣ್ಣನನ್ನು ಶಿವಾಜಿನಗರದ ಫಾರಿನ್ ಸಾಮಾನಿನ ಅಂಗಡಿಗೆ ಎಳೆದುಕೊಂಡು ಹೋದೆ. ಅಂಗಡಿಯವನು ಅದನ್ನು ಮನಸ್ಸಿಲ್ಲದೆ ಹೊರತೆಗೆದ.

"ಇದ್ಯಾಕಮ್ಮಾ? ಬರೀ ಬುಕ್ಕು ತೋರಿಸ್ತದೆ. ಇಲ್ನೋಡಿ, ಇದ್ರಲ್ಲಿ ಹಾಡು, ವಿಡಿಯೋ, ಗೇಮ್, ಎಲ್ಲಾ ಐತೆ. ಕಲರ್ ಬೇರೆ."

"ದುಡ್ಡಿನ್ ಮುಖ ನೋಡ್ಬೇಡ ಕಣಮ್ಮ," ಅಂದ ಅಣ್ಣ. "ಎಲ್ಲಾ ಇರೋದೇ ತಗೋ. ಮನೇಲಿ ಎಲ್ರಿಗೂ ಆಗತ್ತೆ."

"ಎಲ್ರಿಗೂ ಆಗ್ಬಾರ್ದು ಅಂತಾನೇ ಇದನ್ನ ಕೇಳ್ತಿರೋದು!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ನಾನು ಅಂಗಡಿಯವನನ್ನೇ ವಿಚಾರಿಸಿದೆ. ಹಾಡು ಬರತ್ತಾ? ಇಲ್ಲ. ಫೋಟೋ ತೆಗೆಯತ್ತಾ? ಇಲ್ಲ. ಅಕ್ಷರ ದೊಡ್ಡದಾಗತ್ತಾ? ಆಗತ್ತೆ.

"ಪ್ಯಾಕ್ ಮಾಡಿ," ಅಂದೆ.

ಅದರಲ್ಲಿ ಕನ್ನಡ ಬರುತ್ತಿರಲಿಲ್ಲ. ಹೆಚ್ಚಿಗೆ ಏನಾದರೂ ಕೊಡುವ ಮನಸ್ಸು ಆ ಕಂಪನಿಯವರಿಗಿದ್ದರೆ ಅದನ್ನು ಕೊಡಬೇಕಿತ್ತು. ಓದುವವಳು ಕೇಳುವುದು ಓದನ್ನು. ಉಳಿದದ್ದೆಲ್ಲ ಓದದವರಿಗೆ ಕೊಡುವ ಲಂಚ ಅಂತ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ.

ಅಂದು ಸಂಜೆಯೇ ಮೈದುನ ಅದನ್ನೆತ್ತಿಕೊಂಡು ಇದ್ದಬದ್ದ ಗುಂಡಿಯೆಲ್ಲ ಒತ್ತಿದ. "ಏನತ್ತಿಗೆ ಇದು, ಸ್ಲೇಟು? ನಿಮ್ಮಣ್ಣಂಗೆ ಚೆನ್ನಾಗ್ ಟೋಪಿ ಹಾಕವ್ರೆ. ತಗೊಂಡೋಗಿ ಬದಲಾಯಿಸ್ಕೊಂಡ್ ಬರ್ತೀನಿ, ಹಾಡು ಬರೋದು ತರೋಣ."

"ಅದನ್ನ ಎಲ್ಲಿಂದ ತಗೊಂಡ್ರೋ ಅಲ್ಲೇ ಇಡಿ."

ನನ್ನ ಗಂಡ ಪೇಪರಿನಿಂದ ತಲೆ ಎತ್ತಿದರು. ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಮೈದುನ ಪೆಚ್ಚುಮೋರೆ ಹಾಕಿಕೊಂಡು ಇಟ್ಟುಬಿಟ್ಟ. ಆಮೇಲೆ ಯಾರೂ ಅದರ ತಂಟೆಗೆ ಬರಲಿಲ್ಲ. ಟಿವಿ ಮೇಲಿಟ್ಟರೆ ಟಿವಿ ಮೇಲೇ ಇರುತ್ತಿತ್ತು, ಊಟದ ಮೇಜಿನ ಮೇಲೆ ಮರೆತರೆ ಅಲ್ಲೇ ಸಿಗುತ್ತಿತ್ತು. ಇಟ್ಟ ವಸ್ತು ಇಟ್ಟಲ್ಲೇ ಸಿಗುವ ಸುಖ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಆ ಚಳಿಗಾಲ ಮತ್ತೆ ಅವರೆಕಾಯಿ ಬಂತು. ಅಕ್ಷರ ದಪ್ಪ ಮಾಡಿಕೊಂಡು ತಲೆನೋವಿಲ್ಲದೆ ಇಡೀ ಕಥೆ ಹೇಳಿದೆ. ಓರಗಿತ್ತಿಯರು ಬೇಳೆ ತೆಗೆದುಕೊಂಡು ಒಳಗೆ ಹೋದರು. ಅತ್ತೆ ಏಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಆ ಹಲಗೆಯನ್ನು ತೊಡೆ ಮೇಲಿಟ್ಟುಕೊಂಡರು, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಂಗೂ ಇಂಥದ್ದೊಂದು ತರಿಸ್ಕೊಡೇ."

"ನಿಮ್ಗೆ ಓದಕ್ ಬರಲ್ವಲ್ಲ ಅತ್ತೆ?"

"ಬರ್ದಿದ್ರೆ ಬಿಡು," ಅಂದರು. "ಯಾರೂ ಕೇಳಲ್ವಲ್ಲ."